ತಮಾಷೆಯ ಗುಂಪಿನಲ್ಲಿ ಒಮ್ಮೆಯಾದರೂ ನೇರವಾಗಿ ಮಾತಾಡಿ

ಪ್ರಶ್ನೆ: ಪದಬಂಧ, ಶ್ಲೇಷೆ, ಅಣಕು ಪದ್ಯಗಳ ಹುಚ್ಚಿರುವವರು ಸೇರಿ ಕಟ್ಟಿಕೊಂಡ ಆನ್‌ಲೈನ್ ಗುಂಪೊಂದರಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಹೆಚ್ಚಿನವರ ಮುಖ ನೋಡಿಲ್ಲ. ಆದರೂ ನನ್ನ ದಿನದ ನಗುವೆಲ್ಲ ಅಲ್ಲಿಯದೇ. ನನಗೆ ಗಟ್ಟಿಯಾದ ರಾಜಕೀಯ ನಿಲುವುಗಳಿವೆ. ಅವನ್ನು ಅಲ್ಲಿ ಮೀಮ್‌ಗಳಲ್ಲಿ, ಅಣಕು ಪದ್ಯಗಳಲ್ಲಿ ಹೇಳುತ್ತ ಬಂದೆ. ಎದುರು ನಿಲುವಿನವರೂ ಹಾಗೆಯೇ ಉತ್ತರ ಕೊಡುತ್ತಿದ್ದರು. ಈಚೆಗೆ ಒಬ್ಬರು ನಾನು ಮನಸಾರೆ ನಂಬಿರುವ ಹೋರಾಟವೊಂದನ್ನು ಲೇವಡಿ ಮಾಡುವ ಚಿತ್ರ ಹಾಕಿದರು. ಆಕ್ಷೇಪಿಸಿದೆ. ‘ಇಷ್ಟು ದಿನ ನಗಿಸಿದವರಿಗೆ ಈಗ ನಗಲು ಬರುವುದಿಲ್ಲವೇ?’ ಎಂದು ಎಲ್ಲರೂ ನಕ್ಕರು. ಅದಕ್ಕೆ ಕೆಲವು ದಿನ ಮೊದಲು, ಎದುರು ನಿಲುವಿನ ಹಳೆಯ ಗೆಳತಿಯೊಬ್ಬಳು ಹೇಳದೆ ಕೇಳದೆ ಗುಂಪು ಬಿಟ್ಟಿದ್ದಳು. ಅವಳ ಪಕ್ಷಕ್ಕೆ ಮತ ಹಾಕುವವರ ದಡ್ಡತನದ ಬಗ್ಗೆ ನಾನು ಬರೆದ ಪದ್ಯಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕ ಮಾರನೆಯ ದಿನ ಅದು. ನಾನೂ ಗುಂಪು ಬಿಡಲೇ? ರಾಜಕೀಯವೇ ಬೇಡ ಎಂಬ ನಿಯಮ ತರಲು ಅಡ್ಮಿನ್‌ಗೆ ಹೇಳಲೇ? ನನ್ನ ಹಳೆಯ ಮೀಮ್‌ಗಳನ್ನೆಲ್ಲ ಅಳಿಸಿಬಿಡಲೇ? ಸುಮ್ಮನೆ ನಗುತ್ತ ಇದ್ದುಬಿಟ್ಟರೆ ನನ್ನ ನಂಬಿಕೆಗೆ ನಾನೇ ದ್ರೋಹ ಮಾಡಿದಂತೆ ಅನಿಸುತ್ತದೆ.
– ಹೆಸರು ಬೇಡ

ಉತ್ತರ: ಜಾಗದ ಅಭಾವದಿಂದ ನಿಮ್ಮ ಪತ್ರವನ್ನು ಮೊಟಕುಗೊಳಿಸಿದ್ದೇನೆ. ಪೂರ್ಣ ಪತ್ರದಲ್ಲಿ ಆ ಚಿತ್ರ ಹಾಕಿದವರ ಮೇಲಿನ ಸಿಟ್ಟು ಪುಟಗಟ್ಟಲೆ ಇದೆ. ಗುಂಪು ಬಿಟ್ಟ ಗೆಳತಿಯ ವಿಷಯ ಮೂರು ಸಾಲಿನಲ್ಲಿ ಮುಗಿದಿದೆ. ಅಳತೆ ತಿರುಗುಮುರುಗಾಗಿದೆ ಎಂದು ನನಗೆ ಕಾಣುತ್ತದೆ.

ಮೊದಲು ಆ ಆಕ್ಷೇಪದ ವಿಷಯ. ನೀವು ಏನು ಬರೆದಿರಿ ಎಂಬುದರ ಪ್ರತಿಯನ್ನೂ ಕಳಿಸಿದ್ದೀರಿ. ಅದು ಆಕ್ಷೇಪದಂತಿಲ್ಲ, ಇನ್ನೊಂದು ಕೊಂಕಿನಂತಿದೆ. ‘ಆಹಾ, ಇಷ್ಟು ಸೂಕ್ಷ್ಮ ಹಾಸ್ಯ ನಮ್ಮಂಥವರಿಗೆಲ್ಲಿ ಅರ್ಥವಾಗಬೇಕು’ ಎಂದು ಬರೆದರೆ ಓದಿದವರು ಅದನ್ನು ಆಟದ ಮುಂದಿನ ನಡೆ ಎಂದುಕೊಳ್ಳುತ್ತಾರೆ. ನಕ್ಕಿದ್ದರಲ್ಲಿ ಅವರ ತಪ್ಪಿಲ್ಲ. ಇಷ್ಟು ವರ್ಷಗಳಲ್ಲಿ ನೀವು ಏನನ್ನು ನಂಬುತ್ತೀರಿ, ಏಕೆ ನಂಬುತ್ತೀರಿ ಎಂಬುದನ್ನು ಆ ಗುಂಪಿನಲ್ಲಿ ಒಮ್ಮೆಯೂ ನೇರ ವಾಕ್ಯದಲ್ಲಿ ಹೇಳಿಲ್ಲ. ಹೇಳಿದ್ದರೆ ಪತ್ರದಲ್ಲಿ ಅದರ ಸುಳಿವಾದರೂ ಇರುತ್ತಿತ್ತು.

ಬರಹದಲ್ಲಿ ತಮಾಷೆ ಕೈಕೊಡುವುದು ಇಂದು ನಿನ್ನೆಯ ಕಥೆಯಲ್ಲ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೂಚನಾ ಫಲಕದಲ್ಲಿ, ಲಿಫ್ಟ್‌ನಲ್ಲಿ ಪಾದರಸ ಚೆಲ್ಲಿದೆ ಎಂದು ಯಾರೋ ತಮಾಷೆಗೆ ಬರೆದರು. ಕೆಲವರು ಅದನ್ನು ನಿಜವೆಂದೇ ನಂಬಿದರು. ಆಮೇಲೆ ನಡೆದ ಚರ್ಚೆಯಲ್ಲಿ, ಆ ವರ್ಷದ ಸೆಪ್ಟೆಂಬರ್ 19ರಂದು, ಸ್ಕಾಟ್ ಫಾಲ್ಮನ್ ಎಂಬ ಅಧ್ಯಾಪಕರು ತಮಾಷೆಯ ಮಾತಿಗೆ ಗುರುತಾಗಿ ಮಲಗಿದ ನಗುಮುಖವೊಂದನ್ನು ಸೂಚಿಸಿದರು: ಎರಡು ಚುಕ್ಕೆ, ಒಂದು ಗೆರೆ, ಒಂದು ಆವರಣ ಚಿಹ್ನೆ. ಅಲ್ಲಿದ್ದವರೆಲ್ಲ ಓದು ಬಲ್ಲವರು, ಪರಸ್ಪರ ಪರಿಚಿತರು. ಅವರಿಗೇ ಗುರುತು ಬೇಕಾಯಿತು.

2005ರಲ್ಲಿ ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ನಿಮಗೆ ಇನ್ನೂ ಹತ್ತಿರದ್ದು. ಕೆಲವು ವ್ಯಂಗ್ಯದ, ಕೆಲವು ಗಂಭೀರ ವಾಕ್ಯಗಳನ್ನು ಇಮೇಲ್‌ನಲ್ಲಿ ಕಳಿಸಿದವರು, ಓದುವವರು ಶೇ 78ರಷ್ಟನ್ನು ಸರಿಯಾಗಿ ಗುರುತಿಸುತ್ತಾರೆ ಎಂದು ನಿರೀಕ್ಷಿಸಿದ್ದರು. ನಿಜವಾಗಿ ಗುರುತಿಸಿದ್ದು ಶೇ 56. ಕಣ್ಣು ಮುಚ್ಚಿ ಊಹಿಸಿದರೂ ಅರ್ಧ ಸರಿಯಾಗುತ್ತಿತ್ತು! ಬರೆಯುವವರ ಕಿವಿಯಲ್ಲಿ ಅವರದೇ ದನಿ ಗುನುಗುತ್ತಿರುತ್ತದೆ, ಓದುವವರಿಗೆ ಸಿಗುವುದು ಅಕ್ಷರ ಮಾತ್ರ.

ಹಾಗಾಗಿ ನಗುವ ಗುಂಪೊಂದರಲ್ಲಿ ರಾಜಕೀಯದ ತಮಾಷೆ ಬಾಳಬೇಕಾದರೆ, ಅದರ ಕೆಳಗೆ ಎಲ್ಲಾದರೂ ಒಂದಿಷ್ಟು ನೇರ ಮಾತು ಇರಲೇಬೇಕು. ನಾನು ನಿಜಕ್ಕೂ ಎಲ್ಲಿ ನಿಂತಿದ್ದೇನೆ ಎಂದು ನಿಮಗೆ ಗೊತ್ತಿದ್ದಾಗ ನನ್ನ ಕಾಲೆಳೆಯುವುದು ಆಟವಾಗುತ್ತದೆ. ಗೊತ್ತಿಲ್ಲದಿದ್ದರೆ ಪ್ರತಿ ನಗೆಮಾತನ್ನೂ ತೂಗಿ ನೋಡಬೇಕಾಗುತ್ತದೆ: ಇವರು ಹೇಳುತ್ತಿರುವುದು ನಿಜವಾಗಿಯೋ, ಸುಮ್ಮನೆಯೋ? ಕೆಲವರು ತೂಗಿ ತೂಗಿ ದಣಿಯುತ್ತಾರೆ.

ಇನ್ನು ನಿಮ್ಮ ಗೆಳತಿ. ಆ ಪದ್ಯವನ್ನೂ ಓದಿದೆ. ಪ್ರಾಸ ಚೆನ್ನಾಗಿದೆ, ಛಂದಸ್ಸು ಎಲ್ಲೂ ತಪ್ಪಿಲ್ಲ, ಅದಕ್ಕೇ ಹೆಚ್ಚು ತಾಗಿರಬೇಕು. ನಾಯಕನನ್ನೋ ಪ್ರಣಾಳಿಕೆಯನ್ನೋ ಗೇಲಿ ಮಾಡುವುದು ಒಂದು, ಅದಕ್ಕೆ ಮತ ಹಾಕಿದವರನ್ನು ಗೇಲಿ ಮಾಡುವುದು ಇನ್ನೊಂದು. ನಾಯಕ ನಿಮ್ಮ ಗುಂಪಿನಲ್ಲಿಲ್ಲ, ಮತ ಹಾಕಿದವಳು ಇದ್ದಳು. ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟದಲ್ಲಿ ಆಳುವವರ ಮೇಲೆ ನಗೆಹನಿ ಹೇಳಿದ್ದಕ್ಕೆ ಜನ ಜೈಲಿಗೆ ಹೋದರು, ಶಿಬಿರಗಳಿಗೆ ಹೋದರು. (ನಂಬಿಕೆ ಇದ್ದವರು ನಗಬಾರದು ಎನ್ನುವವರಿಗೆ ನಾನು ಕೊಡುವ ಉತ್ತರ ಇದೇ.) ಆ ನಗೆ ಮೇಲಕ್ಕೆ ಗುರಿಯಿಟ್ಟಿತ್ತು. ನಿಮ್ಮ ಪದ್ಯ ಪಕ್ಕದಲ್ಲಿ ಕುಳಿತವಳ ಮೇಲೆ ಬಿತ್ತು, ಅದೂ ಎಲ್ಲರ ಎದುರಿಗೆ. ‘ತಮಾಷೆಗೆ ಬರೆದದ್ದು’ ಎಂಬ ಒಂದೇ ಮಾತು ಅವಳ ಬಾಯಿ ಕಟ್ಟಲು ಸಾಕಿತ್ತು. ಆಮೇಲೆ ಅದೇ ಮಾತು ನಿಮ್ಮ ಬಾಯಿಯನ್ನೂ ಕಟ್ಟಿತು.

ಎಲ್ಲರೂ ನಕ್ಕರು ಎಂದು ಬರೆದಿದ್ದೀರಿ. ನಕ್ಕವರೆಲ್ಲ ಒಂದೇ ಕಾರಣಕ್ಕೆ ನಕ್ಕರು ಎಂದುಕೊಳ್ಳಬೇಡಿ. 1974ರಲ್ಲಿ ಮನೋವಿಜ್ಞಾನಿಗಳಾದ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೊಕೀಚ್, ಪೂರ್ವಗ್ರಹದ ಮನುಷ್ಯನೊಬ್ಬನನ್ನು ನಗೆಪಾಟಲು ಮಾಡಲೆಂದೇ ರೂಪಿಸಿದ ಜನಪ್ರಿಯ ಟಿ.ವಿ. ಹಾಸ್ಯ ಧಾರಾವಾಹಿಯನ್ನು ನೋಡುವವರ ಅಧ್ಯಯನ ಪ್ರಕಟಿಸಿದರು. ಪೂರ್ವಗ್ರಹ ಹೆಚ್ಚಿದ್ದ ಪ್ರೇಕ್ಷಕರು ಅದೇ ಮನುಷ್ಯನನ್ನು ಮೆಚ್ಚುವುದು, ವಾದದಲ್ಲಿ ಗೆದ್ದವನು ಅವನೇ ಎಂದುಕೊಳ್ಳುವುದು ಹೆಚ್ಚಾಗಿ ಕಂಡುಬಂತು. ನಿಮ್ಮ ಪದ್ಯಕ್ಕೂ ಕೆಲವರು ಪ್ರಾಸಕ್ಕಾಗಿ ನಕ್ಕಿರುತ್ತಾರೆ, ಕೆಲವರು ಆ ಮತದಾರರ ಮೇಲಿನ ತಿರಸ್ಕಾರಕ್ಕಾಗಿ. ಯಾರು ಯಾವುದಕ್ಕೆ ಎಂಬುದು ನಗುವ ಇಮೋಜಿಯಿಂದ ತಿಳಿಯುವುದಿಲ್ಲ, ಅವಳಿಗಂತೂ ಎಲ್ಲವೂ ಎರಡನೆಯದೇ ಆಗಿ ಕಂಡಿರಬೇಕು.

ಅವಳಿಗೆ ಇಂದೇ ಬರೆಯಿರಿ, ಗುಂಪಿನಲ್ಲಲ್ಲ, ಅವಳೊಬ್ಬಳಿಗೆ. ‘ನಿನಗೆ ಬೇಸರವಾಗಿದ್ದರೆ ಕ್ಷಮಿಸು’ ಎಂಬ ಷರತ್ತಿನ ಕ್ಷಮೆ ಬೇಡ, ತಪ್ಪನ್ನು ಅವಳ ಬೇಸರದ ತಲೆಗೆ ಕಟ್ಟುವ ಉಪಾಯ ಅದು. ಪದ್ಯದ ಉದ್ದೇಶ ವಿವರಿಸುವುದೂ ಬೇಡ. ‘ಆ ಪದ್ಯದಲ್ಲಿ ನಿನ್ನನ್ನು ದಡ್ಡಿ ಎಂದೆ. ನೀನು ದಡ್ಡಿಯಲ್ಲ ಎಂದು ನನಗೆ ಗೊತ್ತು. ನಿನ್ನ ಪಕ್ಷವನ್ನು ನಾನು ಒಪ್ಪುವುದಿಲ್ಲ, ಆದರೆ ಹಾಗೆ ಬರೆಯಬಾರದಿತ್ತು.’ ಇಷ್ಟು ಸಾಕು. ವಾಪಸ್ ಬಾ ಎಂದು ಕರೆಯಬೇಡಿ, ಬರಬೇಕೆನಿಸಿದರೆ ಬರುತ್ತಾಳೆ. ಉತ್ತರ ಬಾರದಿದ್ದರೆ ಮತ್ತೆ ಮತ್ತೆ ಬರೆದು ಪೀಡಿಸಲೂಬೇಡಿ.

ಅದಾದ ಮೇಲೆ ಗುಂಪಿಗೆ ಬನ್ನಿ. ಈ ಹೋರಾಟ ನಿಮಗೆ ಏಕೆ ಮುಖ್ಯ ಎಂದು, ಇಮೋಜಿ ಇಲ್ಲದೆ, ಪ್ರಾಸವಿಲ್ಲದೆ, ಕೊಂಕಿಲ್ಲದೆ ಐದಾರು ವಾಕ್ಯ ಬರೆಯಿರಿ. ಒಪ್ಪಿಸಲು ಹೋಗಬೇಡಿ. ಬರೆಯುವಾಗ ಕೈ ನಡುಗಬಹುದು, ಚುರುಕು ಮಾತಿನವರಿಗೆ ಸಾದಾ ಮಾತಿನಷ್ಟು ಮುಜುಗರದ್ದು ಬೇರೊಂದಿಲ್ಲ. ಮಾರನೆಯ ದಿನ ಎಂದಿನಂತೆ ಪದಬಂಧಕ್ಕೆ ಕೂರಿ, ನಗು ಬಂದರೆ ನಗಿ. ಅದರಲ್ಲಿ ಯಾವ ದ್ರೋಹವೂ ಇಲ್ಲ. ನಿಮ್ಮ ನಿಲುವನ್ನು ಟೀಕಿಸುವ ತಮಾಷೆ ನಿಜಕ್ಕೂ ಚೆನ್ನಾಗಿದ್ದರೆ ಅದಕ್ಕೂ ನಗಬಹುದು, ನಿಲುವು ಅದರಿಂದ ಸವೆಯುವುದಿಲ್ಲ.

ನೀವು ಮನಬಿಚ್ಚಿ ಹೇಳಿದ ಮಾತನ್ನೇ ಎತ್ತಿಕೊಂಡು ಅವರು ದಿನವೂ ಹಂಗಿಸಲು ತೊಡಗಿದರೆ? ಆಗ ಗುಂಪು ಬಿಡಿ, ಬಿಡುವಾಗ ಕಾರಣವನ್ನು ಒಂದು ಸಾಲಿನಲ್ಲಿ ಹೇಳಿ ಬಿಡಿ. ಹೇಳದೆ ಹೋದರೆ ಉಳಿದವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಗೆಳತಿ ಹೋದದ್ದರ ಅರ್ಥ ಹೊಳೆಯಲು ನಿಮಗೇ ಎಷ್ಟು ಹೊತ್ತು ಹಿಡಿಯಿತು ನೋಡಿ.

ರಾಜಕೀಯ ಬೇಡ ಎಂಬ ನಿಯಮ ನಿಮ್ಮಂಥ ಸಣ್ಣ ಗುಂಪಿಗೆ ಹೊಂದುವುದಿಲ್ಲ. ಸಾವಿರಾರು ಅಪರಿಚಿತರಿರುವ ಕಡೆ ಅಡ್ಮಿನ್‌ಗಳಿಗೆ ಅದು ಬೇಕಾಗಬಹುದು. ನಿಮ್ಮಲ್ಲಿ ಆ ನಿಯಮ ಬಂದರೆ ನೇರ ವಾದ ನಿಂತುಹೋಗುತ್ತದೆ, ‘ಇದು ರಾಜಕೀಯವಲ್ಲ, ಬರೀ ಜೋಕು’ ಎನ್ನುವುದು ಮುಂದುವರಿಯುತ್ತದೆ. ನಿಮಗೆ ಬೇಕಾದದ್ದು ಅದರ ಉಲ್ಟಾ.

ಹಳೆಯ ಮೀಮ್‌ಗಳನ್ನು ಅಳಿಸುವ ಯೋಚನೆಯನ್ನೂ ಬಿಡಿ. ಅವುಗಳ ಕೆಳಗೆ ಬೇರೆಯವರು ಬರೆದ ಒಳ್ಳೆಯ ಉತ್ತರಗಳಿವೆ, ಅವಕ್ಕೆ ತಲೆಬುಡ ಇಲ್ಲದಂತಾಗುತ್ತದೆ. ಮತದಾರರ ಮೇಲಿನ ಆ ಒಂದು ಪದ್ಯವನ್ನು ಮಾತ್ರ ಏನು ಮಾಡಲಿ ಎಂದು ಗೆಳತಿಯನ್ನೇ ಕೇಳಿ. ಅಳಿಸು ಎಂದರೆ ಅಳಿಸಿ, ಇರಲಿ ಬಿಡು ಎಂದರೆ ಬಿಡಿ.