ವರ್ಷವೆಲ್ಲ ಸುಮ್ಮನಿರುವ ತೈಲ ಸ್ಥಾವರ ಬೇಕಾ?

ಪ್ರಶ್ನೆ: ತೈಲ ಸುಡುವ ವಿದ್ಯುತ್ ಸ್ಥಾವರಗಳು ವರ್ಷದ ಹೆಚ್ಚಿನ ದಿನ ನಿಂತೇ ಇರುತ್ತವಂತೆ. ಓಡಿದರೂ ಕರೆಂಟು ದುಬಾರಿ, ಜೊತೆಗೆ ಹೊಗೆ ಬೇರೆ. ಮತ್ಯಾಕೆ ದುಡ್ಡು ಕೊಟ್ಟು ಇಟ್ಟುಕೊಳ್ಳಬೇಕು? ಬ್ಯಾಟರಿ ಹಾಕಿ ಇವನ್ನು ಮುಚ್ಚಬಾರದೇ?

ಉತ್ತರ: ನೀವು ಹೇಳಿದ ದೂರುಗಳೆಲ್ಲ ನಿಜವೇ. 1973ರಲ್ಲಿ ಜಗತ್ತಿನ ಕರೆಂಟಿನಲ್ಲಿ ಸುಮಾರು ಕಾಲು ಭಾಗ ತೈಲದಿಂದ ಬರುತ್ತಿತ್ತು. ಅದೇ ವರ್ಷ ತೈಲದ ಬೆಲೆ ಹಾರಿತು. ದೇಶಗಳು ಕಲ್ಲಿದ್ದಲು, ಅಣುಶಕ್ತಿ, ಅನಿಲದ ಕಡೆ ಹೊರಳಿದವು. ಈಗ ತೈಲದ ಪಾಲು ನೂರಕ್ಕೆ ಮೂರರ ಆಸುಪಾಸು. ಮುಖ್ಯವಾಗಿ ದ್ವೀಪಗಳಲ್ಲಿ ಮತ್ತು ತೈಲ ತೆಗೆಯುವ ಕೆಲವು ದೇಶಗಳಲ್ಲಿ ಇದು ಇನ್ನೂ ದಿನನಿತ್ಯದ ಇಂಧನ. ಉಳಿದ ಕಡೆ ಇದರ ಕೆಲಸವೇ ಬೇರೆ: ಕರೆದಾಗ ಬರುವುದು.

ಗ್ರಿಡ್‌ನಲ್ಲಿ, ಅಂದರೆ ಸ್ಥಾವರಗಳನ್ನೂ ಮನೆಗಳನ್ನೂ ಜೋಡಿಸುವ ವಿದ್ಯುತ್ ಜಾಲದಲ್ಲಿ, ಬೇಡಿಕೆ ಎಷ್ಟಿದೆಯೋ ಆ ಕ್ಷಣದಲ್ಲಿ ಉತ್ಪಾದನೆಯೂ ಅಷ್ಟೇ ಇರಬೇಕು. ಕಡಿಮೆ ಬಿದ್ದರೆ ಫ್ರೀಕ್ವೆನ್ಸಿ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ-ಮುಂದೆ ಆಡುತ್ತದೆ ಎಂಬ ಲೆಕ್ಕ) ಇಳಿಯುತ್ತದೆ. ಜಾಸ್ತಿ ಇಳಿದರೆ ಕೆಲವು ಪ್ರದೇಶಗಳ ಲೈನ್ ತಾನಾಗಿಯೇ ಕಡಿತವಾಗುತ್ತದೆ. ಅಗ್ಗದ ಸ್ಥಾವರಗಳನ್ನು ಮೊದಲು ಓಡಿಸುತ್ತಾರೆ, ತೈಲದ ಸರದಿ ಎಲ್ಲಕ್ಕಿಂತ ಕೊನೆಗೆ. ಆ ಸರದಿ ಬಂತು ಅಂದರೆ ಬೇರೆ ದಾರಿ ಇಲ್ಲ ಎಂದೇ ಅರ್ಥ.

ಇದರ ದೊಡ್ಡ ಬಲ ಅಂಗಳದಲ್ಲಿರುವ ಟ್ಯಾಂಕು. ಅನಿಲ ಪೈಪಿನಲ್ಲಿ ಬರಬೇಕು. ಬಿಸಿಲು, ಗಾಳಿ ತಮಗೆ ಬೇಕಾದಾಗ ಬರುತ್ತವೆ. ತೈಲವನ್ನು ಮಾತ್ರ ಎಷ್ಟೋ ದಿನಕ್ಕೆ ಸಾಕಾಗುವಷ್ಟು ತುಂಬಿಸಿಡಬಹುದು. 2017ರ ಕೊನೆಯಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದಲ್ಲಿ ವಿಪರೀತ ಚಳಿ ಬಿತ್ತು. ಮನೆ ಬೆಚ್ಚಗಿಡಲೇ ಅನಿಲ ಖರ್ಚಾಗತೊಡಗಿತು. ಆಗ ಹಳೇ ತೈಲ ಸ್ಥಾವರಗಳು ಜನವರಿ ಮೊದಲ ವಾರದವರೆಗೂ ಬಿಡುವಿಲ್ಲದೆ ಓಡಿದವು. 2011ರ ಫುಕುಶಿಮಾ ಅಣುಸ್ಥಾವರ ದುರಂತದ ನಂತರ ಜಪಾನ್ ಕೂಡ ಮೂಲೆಗೆ ಹಾಕಿದ್ದ ತೈಲ ಘಟಕಗಳನ್ನು ಮತ್ತೆ ಹೊತ್ತಿಸಿತು.

ಹಾಗಂತ ಎಲ್ಲ ತೈಲ ಸ್ಥಾವರವೂ ಸ್ವಿಚ್ ಒತ್ತಿದ ಕೂಡಲೇ ಶುರುವಾಗುವುದಿಲ್ಲ. ಡೀಸೆಲ್ ಎಂಜಿನ್ ಬೆಚ್ಚಗಿದ್ದರೆ ಹತ್ತು ನಿಮಿಷದೊಳಗೆ ಪೂರ್ತಿ ಲೋಡ್ ಹೊರುತ್ತದೆ. ಫರ್ನೇಸ್ ಆಯಿಲ್ ಸುಡುವ ದೊಡ್ಡ ಬಾಯ್ಲರ್ ಹಾಗಲ್ಲ. ಆ ಎಣ್ಣೆ ಎಷ್ಟು ಗಟ್ಟಿ ಎಂದರೆ ಬಿಸಿ ಮಾಡದೆ ಪಂಪ್ ಮಾಡಲೂ ಆಗದು. ಬಾಯ್ಲರ್ ತಣ್ಣಗಿದ್ದರೆ ಹಬೆ ಏರಲು ಗಂಟೆಗಟ್ಟಲೆ ಬೇಕು. ಹಿಂದಿನ ದಿನವೇ ಹೇಳಿಟ್ಟಿರಬೇಕು. ಇನ್ನೊಂದು ಕೆಲಸ ಹೊರಗಿನವರ ಗಮನಕ್ಕೆ ಬರುವುದೇ ಇಲ್ಲ. ಇಡೀ ಗ್ರಿಡ್ ಬಿದ್ದುಹೋದರೆ ದೊಡ್ಡ ಸ್ಥಾವರಗಳು ಮತ್ತೆ ಏಳಲಿಕ್ಕೂ ಹೊರಗಿನ ಕರೆಂಟೇ ಬೇಕು. ಪಂಪು, ಫ್ಯಾನು ಓಡಬೇಕಲ್ವಾ? ಜಲವಿದ್ಯುತ್ ಇಲ್ಲದ ಕಡೆ ಆ ಮೊದಲ ಕರೆಂಟನ್ನು ಹೆಚ್ಚಾಗಿ ಡೀಸೆಲ್ ಎಂಜಿನ್ನೋ ಸಣ್ಣ ಟರ್ಬೈನೋ ಕೊಡುತ್ತದೆ. ಇದಕ್ಕೆ ಬ್ಲಾಕ್ ಸ್ಟಾರ್ಟ್ ಅನ್ನುತ್ತಾರೆ.

ಬ್ಯಾಟರಿ ವಿಷಯಕ್ಕೆ ಬರೋಣ. ಸಂಜೆ ಎರಡರಿಂದ ನಾಲ್ಕು ಗಂಟೆ ಕಾಲ ಏರುವ ಬೇಡಿಕೆಗೆ, ಅಂದರೆ ಪೀಕ್ ಲೋಡ್‌ಗೆ, ಬ್ಯಾಟರಿಯೇ ಮೇಲು. ಕ್ಷಣದಲ್ಲಿ ಸ್ಪಂದಿಸುತ್ತದೆ, ಹೊಗೆಯೂ ಇಲ್ಲ. ಆದರೆ ವಾರವಿಡೀ ಮೋಡ ಕವಿದು ಗಾಳಿಯೂ ನಿಂತರೆ ಅದನ್ನು ತುಂಬಿಸುವವರು ಯಾರು?

ಹಾಗಾಗಿ ಸ್ಥಾವರ ಯಾವುದೇ ಇರಲಿ, ನಾನು ಮೊದಲು ಕೇಳುವುದು ವರ್ಷಕ್ಕೆ ಅದು ಎಷ್ಟು ಗಂಟೆ ಓಡಿತು ಅಂತ. ಬೆರಳೆಣಿಕೆಯ ದಿನ ಮಾತ್ರ ಓಡಿದ್ದರೆ ಓಡದಿದ್ದಾಗಲೂ ಅದಕ್ಕೆ ಕೊಡುವ ಸ್ಥಿರ ಶುಲ್ಕ ವಿಮೆಯ ಕಂತಿದ್ದಂತೆ, ಇರಲಿ ಬಿಡಿ. ದಿನಾ ಸಂಜೆ ಓಡುತ್ತಿದ್ದರೆ ಯೋಜನೆ ಮಾಡಿದವರು ಎಲ್ಲೋ ತಪ್ಪಿದ್ದಾರೆ. ನೀವು ಹೇಳಿದ ಬ್ಯಾಟರಿಯನ್ನು ಮೊದಲು ಹಾಕಬೇಕಾದ್ದು ಅಲ್ಲೇ.