ಬೆಟ್ಟ ಹತ್ತಿದವರು ಏನಾದರು?

ಸೇಡಂನಿಂದ ನಿವೃತ್ತ ಗಣಿತ ಶಿಕ್ಷಕರೊಬ್ಬರು ಬರೆದಿದ್ದಾರೆ: “ಪತ್ರಿಕೆಯಲ್ಲಿ ನೀವು ಹೊಗಳಿದ್ದಿರೆಂದು ‘ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್’ ಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡಿದೆವು. ಬೆಟ್ಟ ಹತ್ತಿದ ಹುಡುಗಿಯರು ಏನಾದರು ಅನ್ನುವುದನ್ನು ಕೊನೆಗೂ ಹೇಳಲಿಲ್ಲ. ಊಟಕ್ಕೆ ಕರೆದು, ತಾಟು ಇಟ್ಟು, ರೊಟ್ಟಿ ಬಡಿಸದೆ ಎಬ್ಬಿಸಿದ ಹಾಗಾಯಿತು. ಲೆಕ್ಕ ಬಿಡಿಸಲು ಬಾರದವರು ಪ್ರಶ್ನೆಪತ್ರಿಕೆ ತೆಗೆಯಬಾರದು. ಇದು ನೋಡುಗರಿಗೆ ಮಾಡಿದ ಮೋಸವಲ್ಲವೆ?”

ಮಾಸ್ತರರೇ, ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಸುಳಿವುಗಳನ್ನೆಲ್ಲ ಕಣ್ಣೆದುರೇ ಇಟ್ಟು, ಕಡೆಯ ಹತ್ತು ನಿಮಿಷದಲ್ಲಿ ಒಂದಕ್ಕೊಂದು ಕೂಡಿಸಿ ತೋರಿಸುವ ಪತ್ತೇದಾರಿ ಚಿತ್ರ ಕಷ್ಟದ ಕಸುಬು. ಅದನ್ನು ಹಗುರ ಮಾಡುವವರ ಸಾಲಿಗೆ ನಾನು ಸೇರುವುದಿಲ್ಲ. ಇಷ್ಟು ಒಪ್ಪಿಕೊಂಡು ನಿಮ್ಮ ಲೆಕ್ಕಕ್ಕೇ ಬರುತ್ತೇನೆ. ಎರಡು ಚರಾಕ್ಷರ, ಒಂದೇ ರೇಖಾತ್ಮಕ ಸಮೀಕರಣ ಇದ್ದಾಗ ಪರಿಹಾರವೇ ಇಲ್ಲ ಎಂದು ನೀವು ಮಕ್ಕಳಿಗೆ ಹೇಳಿಕೊಟ್ಟಿರಲಾರಿರಿ. ಅಪರಿಮಿತ ಪರಿಹಾರಗಳಿವೆ ಎಂದೇ ಹೇಳಿಕೊಟ್ಟಿದ್ದೀರಿ. ಹಾಗಂತ ಮನಸ್ಸಿಗೆ ಬಂದ ಬಿಂದುವನ್ನು ಗುರುತು ಹಾಕಿದರೆ ಅಂಕ ಸಿಗುವುದಿಲ್ಲ, ಎಲ್ಲವೂ ಒಂದೇ ಸರಳರೇಖೆಯ ಮೇಲೆ ಇರಬೇಕು. ಒಗಟನ್ನು ಬಿಡಿಸದೆ ಬಿಡುವ ಒಳ್ಳೆಯ ಚಿತ್ರ ಮಾಡುವ ಕೆಲಸ ಆ ರೇಖೆಯನ್ನು ಎಳೆಯುವುದು.

ಪೀಟರ್ ವಿಯರ್ 1975ರಲ್ಲಿ ಮಾಡಿದ ಈ ಚಿತ್ರವನ್ನೇ ತೆಗೆದುಕೊಳ್ಳಿ. 1900ರ ಫೆಬ್ರವರಿ 14, ಆಸ್ಟ್ರೇಲಿಯಾದ ವಿಕ್ಟೋರಿಯಾ. ಶಾಲೆಯ ಹುಡುಗಿಯರು ಬೆಟ್ಟದ ಬುಡಕ್ಕೆ ಪಿಕ್ನಿಕ್‌ಗೆ ಬರುತ್ತಾರೆ. ಗಡಿಯಾರಗಳು 12ಕ್ಕೆ ನಿಲ್ಲುತ್ತವೆ. ನಾಲ್ವರು ಮೇಲೆ ಹತ್ತುತ್ತಾರೆ, ಒಬ್ಬಳು ಚೀರುತ್ತ ಓಡಿ ಬರುತ್ತಾಳೆ, ಉಳಿದ ಮೂವರು ಮರಳುವುದಿಲ್ಲ. ಶಿಕ್ಷಕಿಯೊಬ್ಬರೂ ಕಾಣೆಯಾಗುತ್ತಾರೆ. ಕೆಲವು ದಿನಗಳ ನಂತರ ಇರ್ಮಾ ಎಂಬ ಹುಡುಗಿ ಜೀವಂತ ಸಿಗುತ್ತಾಳೆ, ನಡೆದದ್ದು ಮಾತ್ರ ಅವಳಿಗೆ ನೆನಪಿಲ್ಲ. ಅವಳ ಉಗುರುಗಳು ಮುರಿದಿವೆ. ಬರಿಗಾಲು, ಆದರೆ ಪಾದಕ್ಕೆ ಒಂದು ಗೀರೂ ಇಲ್ಲ. ಮೈಮೇಲಿದ್ದ ಕಾರ್ಸೆಟ್, ಅಂದರೆ ಸೊಂಟ ಬಿಗಿಯುವ ಒಳಉಡುಪು, ಇಲ್ಲ. ಅತ್ಯಾಚಾರವಾಗಿಲ್ಲ ಎಂದು ವೈದ್ಯರು ಹೇಳುತ್ತಾರೆ.

ಈಗ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಬಂಡೆಯ ಸಂದಿಗೆ ಬಿದ್ದರು, ಯಾರೋ ಕೇಡು ಮಾಡಿದರು, ಮನುಷ್ಯರಿಗೆ ಮೀರಿದ್ದೇನೋ ನಡೆಯಿತು. ಎಡಕ್ಕೆ ಸುಳಿವುಗಳನ್ನು ಒಂದೊಂದಾಗಿ ಬರೆದು ಹೊಂದಿದಲ್ಲಿ ಟಿಕ್, ಹೊಂದದಲ್ಲಿ ಕಾಟು ಹಾಕುತ್ತ ಹೋಗಿ. ಸಂದಿಗೆ ಬಿದ್ದರು ಎಂದರೆ ಮುರಿದ ಉಗುರು ಹೊಂದುತ್ತದೆ, ಗೀರಿಲ್ಲದ ಪಾದ ಹೊಂದುವುದಿಲ್ಲ. ಕೇಡು ಎಂದರೆ ಕಾಣೆಯಾದ ಕಾರ್ಸೆಟ್ ಹೊಂದುತ್ತದೆ, ವೈದ್ಯರ ಮಾತು ಅಡ್ಡ ಬರುತ್ತದೆ. ಮೂರನೆಯದಕ್ಕೆ ನಿಂತ ಗಡಿಯಾರ ಸಾಕ್ಷಿ, ಆದರೆ ಆ ಮುರಿದ ಉಗುರುಗಳು ತೀರ ಈ ಲೋಕದವು. ಯಾವ ಕಾಲಮ್ಮೂ ಪೂರ್ತಿ ಗೆಲ್ಲುವುದಿಲ್ಲ, ಯಾವುದೂ ಪೂರ್ತಿ ಸೋಲುವುದಿಲ್ಲ. ಇದು ತಾನಾಗಿ ಆಗುವ ಕೆಲಸವಲ್ಲ, ಅಳೆದು ತೂಗಿ ಮಾಡಿದ್ದು.

ಇದೇ ಹಾಳೆಯಲ್ಲಿ ಕೆಟ್ಟ ಚಿತ್ರವೂ ಸಿಕ್ಕಿಬೀಳುತ್ತದೆ. ಎಲ್ಲ ಕಾಲಂಗಳಲ್ಲೂ ಬರೀ ಕಾಟು ಬಂದರೆ ಬರೆದವರಿಗೆ ದಾರಿ ತಪ್ಪಿದೆ, ತಪ್ಪಿದ್ದನ್ನು ಮಂಜಿನಲ್ಲಿ ಮುಚ್ಚಿದ್ದಾರೆ. ಪಾತ್ರಕ್ಕೆ ಗೊತ್ತಿರುವುದನ್ನು ನಮ್ಮಿಂದ ಬೇಕೆಂದೇ ಮುಚ್ಚಿಟ್ಟರೆ, ಮೊದಲರ್ಧದಲ್ಲಿ ದೊಡ್ಡದಾಗಿ ತೋರಿಸಿದ ಬೀಗದ ಕೈ ಮತ್ತೆ ಬಾರದಿದ್ದರೆ, ಕೊನೆಗೆ ಎಲ್ಲವೂ ಕನಸೆಂದರೆ, ನೀವು ಹೇಳಿದ ಮೋಸ ಅದೇ. ಅಂಥ ಚಿತ್ರಗಳ ಮೇಲೆ ಎಷ್ಟು ಸಿಟ್ಟು ಬೇಕಾದರೂ ಮಾಡಿ, ನಿಮ್ಮ ಜೊತೆಗಿದ್ದೇನೆ.

ಇನ್ನು, ಲೆಕ್ಕ ಬಿಡಿಸಲು ಬಾರದವರು ಎಂದಿರಿ. ಮೂಲ ಕಾದಂಬರಿ ಬರೆದ ಜೋನ್ ಲಿಂಡ್ಸೆಗೆ ಬರುತ್ತಿತ್ತು. ಎಲ್ಲವನ್ನೂ ವಿವರಿಸುವ ಕಡೆಯ ಅಧ್ಯಾಯವನ್ನು ಆಕೆ ಬರೆದೇ ಇದ್ದರು. 1967ರಲ್ಲಿ ಪುಸ್ತಕ ಅಚ್ಚಾದಾಗ ಪ್ರಕಾಶಕರ ಸಲಹೆಯಂತೆ ಅದನ್ನು ಬಿಡಲಾಯಿತು. ಆಕೆ ತೀರಿಕೊಂಡ ಮೇಲೆ, 1987ರಲ್ಲಿ, ಅದು ಪ್ರಕಟವಾಯಿತು. ಇಷ್ಟು ವರ್ಷಗಳಿಂದ ಉತ್ತರ ಅಂಗಡಿಯಲ್ಲಿ ಸಿಗುತ್ತಿದೆ, ಆದರೂ ಜನ ಆ ಬೆಟ್ಟದ ಮಾತು ಬಿಟ್ಟಿಲ್ಲ. ನಿರ್ದೇಶಕರೂ 1998ರಲ್ಲಿ ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡಾಗ ವಿವರಣೆ ಸೇರಿಸಲಿಲ್ಲ, ಇದ್ದದ್ದರಲ್ಲೇ ಸುಮಾರು 7 ನಿಮಿಷ ಕತ್ತರಿಸಿದರು.

ಒಂದು ಸಂಶಯ ಕೇಳಲೇಬೇಕು: ಯಾವ ತಿಂಗಳಲ್ಲಿ ನೋಡಿದಿರಿ? ಈ ಚಿತ್ರದ ಅರ್ಧ ಜೀವ ಅದರ ಸದ್ದಿನಲ್ಲಿದೆ. ಭೂಕಂಪದ ಧ್ವನಿಯನ್ನು ನಿಧಾನಗೊಳಿಸಿ ಬೆಟ್ಟದ ದೃಶ್ಯಗಳ ಅಡಿಗೆ ಹಾಸಿದ್ದಾರೆ. ಕಿವಿಗಿಂತ ಮೊದಲು ಎದೆಗೆ ತಟ್ಟುವ ಸದ್ದು ಅದು. ಮೇ ತಿಂಗಳ ನಮ್ಮ ಕಲಬುರಗಿ ಸೀಮೆಯಲ್ಲಿ ಏರ್ ಕೂಲರ್ ಗುಂಯ್‌ಗುಡುವ ಕೋಣೆಯಲ್ಲಿ ಕೂತರೆ ಅದು ಅಷ್ಟೂ ಮುಳುಗಿ ಹೋಗುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿಗಂತೂ ಅಷ್ಟು ಕೆಳಗಿನ ಸ್ವರ ಹೊರಡಿಸುವ ಶಕ್ತಿಯೇ ಇಲ್ಲ. ಚಿತ್ರಕ್ಕೆ ಆ ಮಸುಕು ಬಂಗಾರದ ಬೆಳಕು ಬರಲೆಂದು ಛಾಯಾಗ್ರಾಹಕ ರಸೆಲ್ ಬಾಯ್ಡ್ ಲೆನ್ಸಿನ ಮುಂದೆ ಮದುಮಗಳ ಮುಸುಕಿನ ತೆಳು ಬಟ್ಟೆ ಕಟ್ಟಿದ್ದರು. ಅಂಗಡಿಯಿಂದ ತಂದ ಟಿವಿಯನ್ನು ಬಣ್ಣ ಢಾಳಾಗಿ ತೋರಿಸುವ ‘ವಿವಿಡ್’ ಮೋಡ್‌ನಲ್ಲೇ ಬಿಟ್ಟಿದ್ದರೆ ಆ ಮುಸುಕನ್ನು ಟಿವಿಯೇ ಕಿತ್ತೆಸೆದಿರುತ್ತದೆ. ಪಿಕ್ಚರ್ ಮೋಡ್ ‘ಸಿನಿಮಾ’ಕ್ಕೆ ಹಾಕಿ, ಶಾರ್ಪ್‌ನೆಸ್ ಇಳಿಸಿ, ಚಲನೆಯನ್ನು ಕೃತಕವಾಗಿ ನುಣುಪು ಮಾಡುವ ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಡಿಸೆಂಬರಿನ ಒಂದು ರಾತ್ರಿ, ಫ್ಯಾನೂ ಬೇಡದ ಹೊತ್ತಿನಲ್ಲಿ, ನಡುವೆ ಚಹಾಕ್ಕೆ ಏಳದೆ ನೋಡಿ.

ಉತ್ತರ ಬೇಕೇಬೇಕು ಎಂಬ ಹಟ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಕೊರಿಯಾದ ‘ಮೆಮೊರೀಸ್ ಆಫ್ ಮರ್ಡರ್’ ನೋಡಬೇಕು. 1986ರಿಂದ ನಡೆದ ನಿಜವಾದ ಸರಣಿ ಕೊಲೆಗಳ ಮೇಲೆ ಬಾಂಗ್ ಜೂನ್-ಹೋ 2003ರಲ್ಲಿ ಮಾಡಿದ ಚಿತ್ರ. ಕೊಲೆಗಾರ ಆಗಿನ್ನೂ ಸಿಕ್ಕಿರಲಿಲ್ಲ. ಕೊನೆಯಲ್ಲಿ ಪೊಲೀಸ್ ಕೆಲಸ ಬಿಟ್ಟ ಪತ್ತೇದಾರ ಮೊದಲ ಹೆಣ ಸಿಕ್ಕಿದ್ದ ಹೊಲದ ಪಕ್ಕದ ಮೋರಿಯಲ್ಲಿ ಇಣುಕುತ್ತಾನೆ. ಇನ್ನೊಬ್ಬನೂ ಹೀಗೇ ಬಂದು ನೋಡಿ ಹೋದ ಎನ್ನುತ್ತಾಳೆ ಒಬ್ಬ ಪುಟ್ಟ ಹುಡುಗಿ. ಹೇಗಿದ್ದ ಎಂದರೆ, ಎಲ್ಲರ ಹಾಗೇ ಇದ್ದ. ಪತ್ತೇದಾರ ತಿರುಗಿ ನೇರ ನಮ್ಮ ಮುಖ ನೋಡುತ್ತಾನೆ. 2019ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿಜವಾದ ಕೊಲೆಗಾರ ಗೊತ್ತಾದ. ಆದರೆ ಅದರಲ್ಲೊಂದು ಕೊಲೆಗೆ ಪೊಲೀಸರು ಎಂದೋ ಒಂದು ‘ಉತ್ತರ’ ಹುಡುಕಿ ಮುಗಿಸಿದ್ದರು. ಆ ಉತ್ತರವಾಗಿ ನಿರಪರಾಧಿಯೊಬ್ಬ ಸುಮಾರು 20 ವರ್ಷ ಜೈಲಿನಲ್ಲಿ ಕಳೆದ. ಅವನು ನಿರ್ದೋಷಿ ಎಂದು ಕೋರ್ಟು ಹೇಳಿದ್ದು 2020ರಲ್ಲಿ.

ಈ ಹಟವನ್ನು ನಾವು ಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸುತ್ತಿದ್ದೇವೆ ಎಂಬುದು ನನ್ನ ದೊಡ್ಡ ಸಂಕಟ. ಪದ್ಯ ಓದುವ ಮೊದಲು ಗೈಡು, ಗೈಡಿನಲ್ಲಿ ‘ಒಂದು ವಾಕ್ಯದಲ್ಲಿ ಉತ್ತರಿಸಿ’. ಸಿನಿಮಾ ನೋಡಿ ಮುಗಿಯುವ ಮೊದಲೇ ಮೊಬೈಲಿನಲ್ಲಿ ಕ್ಲೈಮ್ಯಾಕ್ಸಿನ ವಿವರಣೆ ಹುಡುಕುವ ಕೈ ಆ ಗೈಡಿನಲ್ಲೇ ಪಳಗಿದ್ದು. ಅಲ್ಲಮನ ಬೆಡಗಿನ ವಚನ ಓದಿದ ನಾಡು ಇದು. ಯಾದಗಿರಿ ಕಡೆಯ ಕೊಡೇಕಲ್ ಬಸವಣ್ಣನ ಕಾಲಜ್ಞಾನಕ್ಕೆ ಇಂದಿಗೂ ತಲೆಗೊಂದು ಅರ್ಥ. ಕಡಕೋಳ ಮಡಿವಾಳಪ್ಪನ ತತ್ವಪದವನ್ನು ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವವರಿಗೆ, ಹಾಡು ನಿಲ್ಲಿಸಿ ಮೊದಲು ಅರ್ಥ ಹೇಳು ಎಂದು ಕೂತವರು ಕೇಳುವುದಿಲ್ಲ. ಅರ್ಥ ಆಗದ್ದನ್ನು ಹೆಗಲ ಮೇಲೆ ಹೊತ್ತು ಮನೆಗೆ ಹೋಗಿ, ಮರುದಿನ ಹೊಲದಲ್ಲಿ ಅದನ್ನೇ ಗುನುಗುವ ಮಂದಿ ನಾವು. ನಮಗೆ ಈ ಚಿತ್ರಗಳು ಹೊರಗಿನವು ಅನ್ನಿಸಲು ಕಾರಣವೇ ಇಲ್ಲ.

ಮಾಸ್ತರರೇ, ಎರಡನೆಯ ಸಲ ನೋಡುವಾಗ ಬೆಟ್ಟದ ಬುಡದಲ್ಲಿ ಕೂತ ಮಿಸ್ ಮೆಕ್ರಾ ಅವರ ಕೈಯಲ್ಲಿನ ಪುಸ್ತಕ ಗಮನಿಸಿ. ರೇಖಾಗಣಿತ. ಹೋಗಿ ಮರಳದ ಆ ಶಿಕ್ಷಕಿ ಮಕ್ಕಳಿಗೆ ಗಣಿತ ಕಲಿಸುತ್ತಿದ್ದವರು. ನೋಡಿದ ಮೇಲೆ ನಿಮ್ಮ ಮೂರು ಕಾಲಮ್ಮಿನ ಹಾಳೆ ಕಳಿಸಿ, ಕಾಟು ಹಾಕಿದ ಜಾಗಕ್ಕೆ ಕಾರಣವನ್ನೂ ಬರೆಯಿರಿ. ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ.