ಬಿಸಿಲೊಂದೇ ಕಾರಣವಲ್ಲ

‘ಕೊಡಗಿನಲ್ಲಿ ಹೆಜ್ಜೆಗೊಂದು ಜಾತಿಯ ಮರ, ನಮ್ಮ ಕಲಬುರಗಿಯಲ್ಲಿ ಬರೀ ಜಾಲಿ, ಬೇವು, ಎಲ್ಲ ಬಿಸಿಲಿನ ದೆಸೆಯಿಂದಲೇ?’ ಎಂದು ಕೇಳಿದ್ದೀರಿ. ಬಿಸಿಲನ್ನು ಬೈಯುವುದು ನಮಗೆಲ್ಲ ರೂಢಿ, ಆದರೆ ದೊಡ್ಡ ಪಾಲು ಸಹ್ಯಾದ್ರಿಯದು. ಅರಬ್ಬಿ ಸಮುದ್ರದ ಮುಂಗಾರು ಮೋಡಗಳು ಆ ಗೋಡೆಯನ್ನು ಏರುತ್ತಾ ತಣಿದು ಅಲ್ಲೇ ಸುರಿದುಬಿಡುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ನಮ್ಮಲ್ಲಿಗೆ ಬರುವಷ್ಟರಲ್ಲಿ 700–800ಕ್ಕೆ ಇಳಿದಿರುತ್ತದೆ.

ಇದು ಮೊದಲಿನಿಂದ ಹೀಗಿರಲಿಲ್ಲ ಎಂಬುದೇ ಸ್ವಾರಸ್ಯ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ನಮ್ಮ ಎರೆಭೂಮಿಗೆ ತಾಯಿಯಾದ ದಖ್ಖನ್ ಲಾವಾ ಉಕ್ಕುತ್ತಿದ್ದಾಗ, ಭಾರತ ಏಷ್ಯಾವನ್ನು ಇನ್ನೂ ಮುಟ್ಟಿರಲಿಲ್ಲ. ಮಧ್ಯಪ್ರದೇಶದಲ್ಲಿ ಆ ಲಾವಾ ಪದರಗಳ ನಡುವಿನ ಕೆಸರುಗಲ್ಲಿನಲ್ಲಿ ತಾಳೆ ಜಾತಿಯ ಮರಗಳು ಕಲ್ಲಾಗಿ ಸಿಕ್ಕಿವೆ. ಅಂದರೆ ಆಗ ದಖ್ಖನ್ ತೇವದ ನಾಡು. ಮುಂದೆ ಭಾರತದ ಭೂಭಾಗ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಎದ್ದಿತು, ಮಳೆ ಕೆಲವೇ ತಿಂಗಳಿಗೆ ಸೀಮಿತವಾಯಿತು, ಸುಮಾರು 80 ಲಕ್ಷ ವರ್ಷಗಳ ಈಚೆಗೆ ಉಪಖಂಡದಲ್ಲಿ ಒಣ ಹವೆಯ ಹುಲ್ಲುಗಳು ಹರಡಿದವು. ಹಸಿ ಕಾಡಿನ ಮರಗಳಿಗೆ ಸಹ್ಯಾದ್ರಿಯ ಕಣಿವೆಗಳೇ ಆಸರೆಯಾದವು. ಇಲ್ಲಿ ಉಳಿದದ್ದು ಬೇಸಿಗೆಯಲ್ಲಿ ಎಲೆ ಉದುರಿಸಿ ಬದುಕುವ ಜಾಣ ಮರಗಳು.

ಇನ್ನು ‘ಬರೀ ಜಾಲಿ’ ಎಂಬುದನ್ನು ನಾನು ಒಪ್ಪುವುದಿಲ್ಲ. ನೀವು ರಸ್ತೆಬದಿಯಲ್ಲಿ ಕಂಡಿದ್ದು ಬಹುಶಃ ಬಳ್ಳಾರಿ ಜಾಲಿ. ಅದು ಮನುಷ್ಯರು ಅಮೆರಿಕ ಖಂಡದಿಂದ ತಂದ ಅತಿಥಿ, ಬೆಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಒಮ್ಮೆ ಚಿಂಚೋಳಿ ವನ್ಯಜೀವಿಧಾಮಕ್ಕೆ ಹೋಗಿ, ತೇಗ, ಮುತ್ತುಗಗಳನ್ನು ನೋಡಿ ಬನ್ನಿ.